ಗೋದಲಿಯ ಹಸುರಿನಿಂದ ಹಿತ್ತಲ ಕೈತೋಟದವರೆಗೆ

ಪುತ್ತರಿ ಹಬ್ಬ ಮುಗಿದು ಕದಿರು ಮನೆ ಸೇರಿತೆಂದರೆ ಕುಟ್ಟದ ಸಂಜೆಗಳು ಮೊಟಕಾಗತೊಡಗುತ್ತವೆ. ಕಣದಲ್ಲಿ ಹರಡಿದ ಕಾಫಿ ಹಣ್ಣನ್ನು ರಾಶಿ ಮಾಡಿ ಟಾರ್ಪಾಲು ಹೊದಿಸುವಷ್ಟರಲ್ಲಿ ಸೂರ್ಯನು ಬೆಟ್ಟದ ಮರೆಗೆ ಜಾರಿರುತ್ತಾನೆ. ಆರು ಗಂಟೆಗೆ ನಾಗರಹೊಳೆಯ ಹಾದಿಯ ಗೇಟು ಮುಚ್ಚುತ್ತದೆ. ಅದರ ಬೆನ್ನಿಗೇ ಮಂಜು ಇಳಿಯುತ್ತದೆ. ಅಂಗಳದಲ್ಲಿ ಆಡುತ್ತಿದ್ದ ಮಕ್ಕಳನ್ನು ತಾಯಂದಿರು ಒಳಗೆ ಕರೆಯುತ್ತಾರೆ, ಬಾಗಿಲಿಗೆ ಅಗುಳಿ ಬೀಳುತ್ತದೆ.

ಬೇರೆ ಊರುಗಳಲ್ಲಿ ಚಳಿಗಾಲದ ಸಂಜೆ ಮನೆಯೊಳಗೆ ಇರುವುದು ಇಷ್ಟದ ಮಾತಾಗಿರಬಹುದು. ನಮ್ಮಲ್ಲಿ ಅದು ಅನಿವಾರ್ಯ. ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ಕೇರಳದ ತೋಲ್ಪೆಟ್ಟಿಯ ಕಾಡು, ಮತ್ತೊಂದು ಕಡೆ ಬ್ರಹ್ಮಗಿರಿಯ ಸಾಲು. ಇವುಗಳ ನಡುವೆ ಕಾಫಿ ತೋಟಗಳಲ್ಲಿ ನಾವು ಬಾಳುತ್ತಿದ್ದೇವೆ. ಆನೆಗಳು ತೋಟಕ್ಕೆ ಇಳಿಯುವುದು ಹೊಸ ಸಂಗತಿಯೇನಲ್ಲ. 2023ರ ಫೆಬ್ರವರಿಯಲ್ಲಿ, ಕಾಫಿ ಕೊಯ್ಲಿನ ಕಾಲದಲ್ಲಿಯೇ, ಕುಟ್ಟದ ಸಮೀಪದ ಚೂರಿಕಾಡಿನಲ್ಲಿ ಒಂದು ದಿನದ ಅಂತರದಲ್ಲಿ ಇಬ್ಬರು ಹುಲಿಯ ದಾಳಿಗೆ ಬಲಿಯಾದರು. ಇಬ್ಬರೂ ದುಡಿದು ಉಣ್ಣುವ ಬಡ ಕುಟುಂಬದವರು. ಅವರ ಆತ್ಮಗಳಿಗಾಗಿ ನಾವು ಪ್ರಾರ್ಥಿಸಿದೆವು. ಅಂದಿನಿಂದ ಮುಸ್ಸಂಜೆಯಾದರೆ ಮಕ್ಕಳನ್ನು ಅಂಗಳ ದಾಟಲು ಬಿಡುವುದಿಲ್ಲ.

ಹೀಗೆ ಆರು ಗಂಟೆಯಿಂದ ಒಂಬತ್ತರವರೆಗೆ, ದಿನಕ್ಕೆ ಮೂರು ತಾಸು, ಇಡೀ ಮನೆ ಒಂದೇ ಸೂರಿನಡಿ ಇರುತ್ತದೆ. ದೇವರು ಕೊಟ್ಟ ಈ ಹೊತ್ತನ್ನು ನಾವು ಹೇಗೆ ಕಳೆಯುತ್ತಿದ್ದೇವೆ ಎಂದು ಒಮ್ಮೆ ಪ್ರಾಮಾಣಿಕವಾಗಿ ಕೇಳಿಕೊಳ್ಳೋಣ. ತಂದೆ ಒಂದು ಮೂಲೆಯಲ್ಲಿ ಮೊಬೈಲಿನಲ್ಲಿ ಕಾಫಿಯ ದರ ನೋಡುತ್ತಿರುತ್ತಾರೆ. ತಾಯಿ ಅಡಿಗೆಮನೆಯಲ್ಲಿ ಒಬ್ಬಳೇ. ರಜೆಗೆ ಬಂದ ಮಕ್ಕಳು ಮೈಸೂರಿನ ಹಾಸ್ಟೆಲಿನಲ್ಲಿ ಬಿಟ್ಟುಬಂದ ಗೆಳೆಯರೊಡನೆ ಬೆರಳಿನಲ್ಲೇ ಮಾತನಾಡುತ್ತಾರೆ. ಅಜ್ಜಿ ಜಪಸರ ಹಿಡಿದು ಎಲ್ಲರೂ ಬರಲೆಂದು ಕಾದು ಕಾದು, ಕೊನೆಗೆ ತಾವೊಬ್ಬರೇ ಪ್ರಾರಂಭಿಸುತ್ತಾರೆ. ಹೊರಗಿನ ಕಾಡುಮೃಗಕ್ಕೆ ಬಾಗಿಲು ಹಾಕಿದ್ದೇವೆ. ಒಳಗೆ ಒಬ್ಬರಿಂದೊಬ್ಬರು ದೂರವಾಗುತ್ತಿರುವುದಕ್ಕೆ ಯಾವ ಅಗುಳಿ ಹಾಕುವುದು?

ಮೊಬೈಲನ್ನು ಕಸಿದುಕೊಂಡರೆ ಇದಕ್ಕೆ ಪರಿಹಾರ ದೊರೆಯದು. ಕಸಿದುಕೊಂಡ ಕೈಗೆ ಬೇರೊಂದು ಕೆಲಸ ಕೊಡಬೇಕು, ಅದು ಅಜ್ಜಿಗೂ ಮೊಮ್ಮಗುವಿಗೂ ಕೂಡಿ ಮಾಡಲು ಬರುವ ಕೆಲಸವಾಗಿರಬೇಕು, ನಾಳೆಯೂ ಮುಂದುವರಿಯುವಂಥದಾಗಿರಬೇಕು. ಅಂಥ ಕೆಲಸವನ್ನು ನಾವು ನಮ್ಮ ಗೋದಲಿಯಲ್ಲಿಯೇ ಕಂಡುಕೊಂಡೆವು. ಅದನ್ನು ಇಲ್ಲಿ ಓದುಗರೊಡನೆ ಹಂಚಿಕೊಳ್ಳಲು ಇಚ್ಛಿಸುತ್ತೇವೆ.

ಗೆರಟೆಯಲ್ಲಿ ಮೊಳೆತ ಸಾಸಿವೆ

ಗೋದಲಿಯ ಸುತ್ತ ಹಸುರು ಗದ್ದೆಯನ್ನು ತೋರಿಸಲು ನಮ್ಮ ಅನೇಕ ಕ್ರೈಸ್ತ ಮನೆಗಳಲ್ಲಿ ರಾಗಿ, ಸಾಸಿವೆ, ಭತ್ತ ಅಥವಾ ಗೋಧಿಯನ್ನು ತೆಂಗಿನ ಗೆರಟೆಯಲ್ಲೋ ತಟ್ಟೆಯಲ್ಲೋ ಬಿತ್ತಿ ಮೊಳೆಯಿಸುವ ರೂಢಿಯುಂಟು. ಇದು ನಮ್ಮಲ್ಲಿ ಮಾತ್ರ ಇರುವ ಪದ್ಧತಿಯಲ್ಲ. ಫ್ರಾನ್ಸ್ ದೇಶದ ಪ್ರೊವಾನ್ಸ್ ಸೀಮೆಯಲ್ಲಿ ಡಿಸೆಂಬರ್ 4ರಂದು, ಸಂತ ಬಾರ್ಬರಾರ ಹಬ್ಬದ ದಿನ, ಮೂರು ಬಟ್ಟಲುಗಳಲ್ಲಿ ಗೋಧಿಯನ್ನು ಬಿತ್ತುತ್ತಾರೆ. ಕ್ರೊಯೇಷಿಯಾ ಮತ್ತು ಹಂಗೆರಿಯ ಕಥೋಲಿಕರು ಡಿಸೆಂಬರ್ 13ರಂದು, ಸಂತ ಲೂಸಿಯ ಹಬ್ಬದಲ್ಲಿ, ಇದೇ ಕೆಲಸ ಮಾಡುತ್ತಾರೆ. ಕ್ರಿಸ್ಮಸ್ ಹೊತ್ತಿಗೆ ಆ ನಾಡುಗಳ ಮನೆಗಳಲ್ಲಿ ಒಂದು ಹಿಡಿ ಹಸುರು ನಳನಳಿಸುತ್ತದೆ. ಕುಟ್ಟದ ಚಳಿಯಲ್ಲಿಯೂ ಈ ಎರಡನೆಯ ದಿನಾಂಕವೇ ಸರಿಹೊಂದುತ್ತದೆ. ಅಂದು ಬಿತ್ತಿದ ರಾಗಿ ಮತ್ತು ಸಾಸಿವೆ ಕ್ರಿಸ್ಮಸ್ ಜಾಗರಣೆಯ ರಾತ್ರಿಗೆ ಬೆರಳುದ್ದ ಎದ್ದು ನಿಲ್ಲುತ್ತವೆ.

ಗೋದಲಿಯ ಸಂಪ್ರದಾಯಕ್ಕೆ ಮೂಲಪುರುಷರಾದ ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ನಿಜವಾದ ಎತ್ತು ಕತ್ತೆಗಳನ್ನು ತಂದು, ಹುಲ್ಲು ಹಾಸಿದ ಗೋದಲಿಯೆದುರು ಬಲಿಪೂಜೆಗೆ ಏರ್ಪಾಡು ಮಾಡಿದರು. 2023ರಲ್ಲಿ ಅದಕ್ಕೆ ಎಂಟುನೂರು ವರ್ಷ ತುಂಬಿತು. ಅದೇ ಫ್ರಾನ್ಸಿಸರು ತೋಟವನ್ನು ನೋಡಿಕೊಳ್ಳುತ್ತಿದ್ದ ಸಹೋದರನಿಗೆ, ನೆಲವನ್ನೆಲ್ಲ ತರಕಾರಿಗೇ ಹಚ್ಚದೆ ಒಂದು ಪಾಲನ್ನು ಕಾಡುಹೂವು ಮತ್ತು ತಾನಾಗಿ ಬೆಳೆಯುವ ಗಿಡಗಳಿಗೆ ಬಿಡುವಂತೆ ಹೇಳಿದ್ದರಂತೆ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ಎಂಬ ವಿಶ್ವಪತ್ರದಲ್ಲಿ ಈ ಪ್ರಸಂಗವನ್ನು ನೆನೆದಿದ್ದಾರೆ. ಕಾಡಿನ ಅಂಚಿನಲ್ಲಿ ಬಾಳುವ ನಮಗೆ ಇದು ನಿನ್ನೆ ಹೇಳಿದ ಮಾತಿನಂತೆ ಕೇಳಿಸುತ್ತದೆ.

ನಮ್ಮ ಮನೆಯ ಸಂಗತಿಯನ್ನೇ ಹೇಳುವುದಾದರೆ, ಮೂರು ರಾಜರ ಹಬ್ಬ ಕಳೆದ ಮೇಲೆ ಗೋದಲಿಯನ್ನು ಬಿಚ್ಚುತ್ತಿದ್ದೆವು. ಗೊಂಬೆಗಳನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸಿ, ಗೆರಟೆಗಳ ಹಸುರನ್ನು ಗೊಬ್ಬರದ ಗುಂಡಿಗೆ ಎಸೆಯಲು ಹೊರಟೆವು. ಮನೆಯ ಕಿರಿಯ ಮಗು ಅಡ್ಡ ಬಂದು, "ಅಜ್ಜೀ, ಯೇಸುಬಾಲರ ಗದ್ದೆಯನ್ನು ಯಾಕೆ ಎಸೀತಾರೆ?" ಎಂದು ಕೇಳಿತು. ಅಜ್ಜಿ ಒಂದು ಗಳಿಗೆ ಸುಮ್ಮನಿದ್ದು, "ಹೌದಲ್ಲ ಮಗಾ, ಸಾಸಿವೆ ಸೊಪ್ಪು ತಿನ್ನುವಂಥದ್ದೇ" ಎಂದರು. ಆ ರಾತ್ರಿ ಎಳೆಯ ಸಾಸಿವೆ ಸೊಪ್ಪು ಕತ್ತರಿಯಿಂದ ಕತ್ತರಿಸಲ್ಪಟ್ಟು ಬೇಳೆಯ ಸಾರಿಗೆ ಸೇರಿತು. ಎಲ್ಲರಿಗೂ ಸಿಕ್ಕಿದ್ದು ಒಂದೊಂದು ಚಮಚವಷ್ಟೆ. ಆದರೆ ತಾವೇ ಬಿತ್ತಿದ್ದನ್ನು ತಿನ್ನುವ ಸಂತೋಷ ಮಕ್ಕಳ ಮುಖದಲ್ಲಿತ್ತು. ಮರುದಿನ ಬೆಳಗ್ಗೆ ಅವರೇ ಗೆರಟೆಗಳನ್ನು ತೊಳೆದು, "ಈಗ ಏನು ಹಾಕೋಣ?" ಎಂದು ಕೇಳಿದರು. ನಮ್ಮ ಕೈತೋಟ ಪ್ರಾರಂಭವಾದದ್ದು ಹಾಗೆ.

ಬಾಗಿಲು ಹಾಕಿದ ಮೇಲಿನ ಕೆಲಸಗಳು

ಕೈತೋಟವೆಂದರೆ ಹಗಲಿನ ಕೆಲಸ, ಸಂಜೆಗೂ ಅದಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ವಾಸ್ತವವಾಗಿ ಅದರ ಅರ್ಧ ಕೆಲಸ ದೀಪದ ಬೆಳಕಿನಲ್ಲಿ, ಮೇಜಿನ ಸುತ್ತ ಕುಳಿತು ಮಾಡುವಂಥದು. ಆಗಮನ ಕಾಲದಲ್ಲಿ ನಮ್ಮ ಮನೆಗಳಲ್ಲಿ ಕುಸ್ವಾರ್ ಮಾಡಲು ಎಲ್ಲರೂ ಕೂಡುತ್ತೇವಲ್ಲ? ಒಬ್ಬರು ಹಿಟ್ಟು ನಾದಿ, ಒಬ್ಬರು ನೆವ್ರಿಯ ಅಂಚು ಮಡಚಿ, ಮಕ್ಕಳು ಬಾಚಣಿಗೆಯ ಮೇಲೆ ಕಿಡ್ಯೊ ಒತ್ತುತ್ತಾ ಕುಳಿತ ಆ ರಾತ್ರಿಗಳಲ್ಲಿ ಯಾರಿಗೂ ಬೇಸರವೆನಿಸುವುದಿಲ್ಲ. ಕ್ರಿಸ್ಮಸ್ ಮುಗಿಯಿತೆಂದು ಆ ಮೇಜನ್ನು ಖಾಲಿ ಬಿಡಬೇಕಾಗಿಲ್ಲ. ಹಿಟ್ಟಿನ ಜಾಗದಲ್ಲಿ ಬೀಜವನ್ನು ಇಟ್ಟರಾಯಿತು.

ಮೊದಲನೆಯದು ಬೀಜ ಆರಿಸುವ ಕೆಲಸ. ಒಣಗಿದ ಅವರೆ, ಅಲಸಂದೆ, ಬೀನ್ಸ್ ಕೋಡುಗಳನ್ನು ಬಿಡಿಸಿ, ಹುಳು ಹಿಡಿದದ್ದನ್ನೂ ಮುರುಟಿದ್ದನ್ನೂ ತೆಗೆದು, ತುಂಬಿದ ಕಾಳನ್ನು ಮಾತ್ರ ಬೀಜಕ್ಕೆ ಇಡುವುದು. ಅಜ್ಜಿಯ ಬೆರಳಿಗೆ ಗೊತ್ತಿರುವ ಈ ವಿದ್ಯೆಯನ್ನು ಮಕ್ಕಳು ಒಂದೇ ಸಂಜೆಯಲ್ಲಿ ಕಲಿಯುತ್ತಾರೆ. ಟೊಮೆಟೊ ಬೀಜವಾದರೆ ಹಣ್ಣಿನ ತಿರುಳಿನೊಡನೆಯೇ ಒಂದು ಲೋಟದಲ್ಲಿ ಎರಡು ಮೂರು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಬೇಕು. ಹುಳಿಯುವಾಗ ಬೀಜದ ಸುತ್ತಲಿನ ಲೋಳೆ ಕರಗುತ್ತದೆ. ಚೆನ್ನಾಗಿ ಒಣಗಿದ ಬೀಜವನ್ನು ಜರಡಿ ಹಿಡಿದ ಒಲೆಬೂದಿಯೊಡನೆ ಬೆರೆಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಹೆಸರು ಮತ್ತು ದಿನಾಂಕವನ್ನು ಬರೆದಿಡಬೇಕು. ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆಯುವ ಕೆಲಸವನ್ನು ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳಿಗೇ ಒಪ್ಪಿಸುವುದು ಲೇಸು.

ಎರಡನೆಯದು ಮೊಳಕೆಯ ಪರೀಕ್ಷೆ. ಹಳೆಯ ಬೀಜವನ್ನು ಬಿತ್ತಿ ಹದಿನೈದು ದಿನ ಕಾದು ನಿರಾಶರಾಗುವ ಬದಲು, ಹತ್ತು ಬೀಜಗಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಮಡಚಿ, ತಟ್ಟೆಯಲ್ಲಿಟ್ಟು, ಅಡಿಗೆಮನೆಯ ಬೆಚ್ಚನೆಯ ಮೂಲೆಯಲ್ಲಿ ಇರಿಸಿರಿ. ಬಟ್ಟೆ ಒಣಗದಂತೆ ಪ್ರತಿ ಸಂಜೆ ನೀರು ಚಿಮುಕಿಸಿರಿ. ಒಂದು ವಾರದ ಮೇಲೆ ಬಿಚ್ಚಿ ನೋಡಿದಾಗ ಎಂಟೋ ಒಂಬತ್ತೋ ಮೊಳೆತಿದ್ದರೆ ಬೀಜ ಉತ್ತಮ. ಐದು ಮಾತ್ರ ಮೊಳೆತಿದ್ದರೆ ಎರಡರಷ್ಟು ದಟ್ಟವಾಗಿ ಬಿತ್ತಬೇಕು. ಎರಡೋ ಮೂರೋ ಆದರೆ ಹೊಸ ಬೀಜ ತರುವುದೇ ಸರಿ. ಮಗುವೊಂದು ಆ ಬಟ್ಟೆಯನ್ನು ಬಿಚ್ಚುವಾಗ ಇಡೀ ಮನೆಯೇ ಅದರ ಸುತ್ತ ಬಾಗಿ ನಿಲ್ಲುವುದನ್ನು ನಾವು ಕಂಡಿದ್ದೇವೆ. ಆ ಗಳಿಗೆಯಲ್ಲಿ ಯಾರ ಕೈಯಲ್ಲಿಯೂ ಮೊಬೈಲು ಇರಲಿಲ್ಲ.

ಮೂರನೆಯದು ಕಥೆ. ಬಟಾಣಿ ಬೀಜವನ್ನು ಕೈಯಲ್ಲಿ ಹಿಡಿದಾಗ ಹೇಳಲೇಬೇಕಾದ ಒಂದು ಕಥೆ ನಮ್ಮ ಧರ್ಮಸಭೆಯಲ್ಲಿಯೇ ಇದೆ. ಇಂದಿನ ಚೆಕ್ ದೇಶದ ಬ್ರನೋ ನಗರದ ಅಗಸ್ಟಿನ್ ಸಭೆಯ ಮಠದಲ್ಲಿ ಗ್ರೆಗರ್ ಮೆಂಡೆಲ್ ಎಂಬ ಗುರುಗಳಿದ್ದರು. ಅವರು 1856ರಿಂದ 1863ರವರೆಗೆ ಮಠದ ತೋಟದಲ್ಲಿ ಸುಮಾರು 28,000 ಬಟಾಣಿ ಗಿಡಗಳನ್ನು ಬೆಳೆಸಿ, ಉರುಟು ಕಾಳು ಎಷ್ಟು, ಸುಕ್ಕು ಕಾಳು ಎಷ್ಟು, ಹಳದಿ ಎಷ್ಟು, ಹಸುರು ಎಷ್ಟು ಎಂದು ಎಣಿಸಿ ಬರೆದಿಟ್ಟರು. 1866ರಲ್ಲಿ ಅದನ್ನು ಪ್ರಕಟಿಸಿದಾಗ ಹೆಚ್ಚು ಜನ ಗಮನಿಸಲಿಲ್ಲ. ಅವರು ತೀರಿಹೋಗಿ ಹದಿನಾರು ವರ್ಷಗಳಾದ ಮೇಲೆ, 1900ರಲ್ಲಿ, ವಂಶವಾಹಿ ಶಾಸ್ತ್ರಕ್ಕೆ ಅದೇ ಅಡಿಗಲ್ಲೆಂದು ಲೋಕ ಒಪ್ಪಿಕೊಂಡಿತು. ಎಣಿಸುವ ತಾಳ್ಮೆ ಮತ್ತು ಬರೆದಿಡುವ ಅಭ್ಯಾಸ ಎಷ್ಟು ದೊಡ್ಡವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಮನೆಯಲ್ಲೊಂದು ಕೈತೋಟದ ಪುಸ್ತಕವಿಟ್ಟು, ಬಿತ್ತಿದ ದಿನ, ಮೊಳೆತ ದಿನ, ಕೊಯ್ದ ತೂಕ ಇವನ್ನು ಮಕ್ಕಳ ಕೈಯಿಂದಲೇ ಬರೆಯಿಸಿರಿ.

ಅಂಗಳಕ್ಕೆ ಹೋಗಲಾಗದವರೂ ಬೆಳೆಯಬಹುದಾದ ಬೆಳೆಗಳಿವೆ. ಬಿಸಿಲು ಬೀಳುವ ಕಿಟಕಿಯ ಬಳಿ ಅಗಲವಾದ ತಟ್ಟೆಯಲ್ಲಿ ತೆಂಗಿನನಾರಿನ ಪುಡಿ ಹರಡಿ ಮೆಂತ್ಯ ಬಿತ್ತಿದರೆ ಹತ್ತು ಹನ್ನೆರಡು ದಿನಗಳಲ್ಲಿ ಎಳೆಸೊಪ್ಪು ಸಿಗುತ್ತದೆ. ಇನ್ನೂ ಹುರುಪುಳ್ಳವರು ಸಿಂಪಿ ಅಣಬೆಯನ್ನು ಬೆಳೆಯಬಹುದು. ಭತ್ತದ ಹುಲ್ಲನ್ನು ಕತ್ತರಿಸಿ, ನೆನೆಸಿ, ಬಿಸಿನೀರಿನಲ್ಲಿ ಸುಮಾರು ಒಂದು ತಾಸು ಇಟ್ಟು, ನೀರು ಬಸಿದು ತಣಿದ ಮೇಲೆ ಪಾಲಿಥೀನ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಪದರ ಅಣಬೆ ಬೀಜ ಹೀಗೆ ತುಂಬಿ, ಕತ್ತಲೆಯ ಕೋಣೆಯಲ್ಲಿ ತೂಗುಹಾಕುವುದು. ಎರಡು ಮೂರು ವಾರಗಳಲ್ಲಿ ಹುಲ್ಲೆಲ್ಲ ಬೆಳ್ಳಗಾಗುತ್ತದೆ. ಅನಂತರ ಚೀಲವನ್ನು ಸೀಳಿ, ಗಾಳಿ ಬೆಳಕು ಸ್ವಲ್ಪ ತಾಕುವಂತೆ ಮಾಡಿ, ತೇವ ಆರದಂತೆ ನೋಡಿಕೊಂಡರೆ ಅಣಬೆ ಏಳುತ್ತದೆ. ಚಳಿ ಹೆಚ್ಚಿದ್ದರೆ ಕೆಲವು ದಿನ ತಡವಾಗಬಹುದು. ಗುರುತಿಲ್ಲದ ಕಾಡು ಅಣಬೆಯನ್ನು ಮಾತ್ರ ಮಕ್ಕಳು ಕಿತ್ತು ತಾರದಂತೆ ಎಚ್ಚರಿಸಿರಿ.

ಹಿತ್ತಲಿಗೆ ಕಾಲಿಟ್ಟಾಗ

ಬೆಳಗಿನ ಮಂಜು ಕರಗಿದ ಮೇಲೆ ಹಿತ್ತಲಿನ ಕೆಲಸ. ಇಲ್ಲಿ ನಾವು ಮಾಡಿದ ತಪ್ಪುಗಳನ್ನು ಮುಚ್ಚಿಡುವುದಿಲ್ಲ. ಮೊದಲ ವರ್ಷ ಸಿಲ್ವರ್ ಮರದ ನೆರಳಿನಲ್ಲಿಯೇ ಪಾತಿ ಮಾಡಿದೆವು. ಗಿಡಗಳು ಬೆಳಕಿಗಾಗಿ ಸೊರಗಿ ಉದ್ದವಾದವೇ ಹೊರತು ಒಂದು ಕಾಯಿಯನ್ನೂ ಕೊಡಲಿಲ್ಲ. ಮಕ್ಕಳು ಪ್ರೀತಿಯಿಂದ ಬೆಳಗೂ ಸಂಜೆಯೂ ನೀರು ಹೊಯ್ದದ್ದರಿಂದ ಬೇರುಗಳು ಕೊಳೆತವು. ಉಳಿದದ್ದನ್ನು ಒಂದು ಭಾನುವಾರ ನಾವು ಪೂಜೆಗೆ ಹೋಗಿದ್ದಾಗ ಮಂಗಗಳು ಮುಗಿಸಿದವು. ಆ ವರ್ಷ ನಮಗೆ ಸಿಕ್ಕಿದ್ದು ಪಾಠ ಮಾತ್ರ.

ತರಕಾರಿಗೆ ದಿನಕ್ಕೆ ಐದಾರು ತಾಸಿನ ಬಿಸಿಲು ಬೇಕು. ತೋಟದ ಮನೆಗಳಲ್ಲಿ ಅಷ್ಟು ಬಿಸಿಲು ಬೀಳುವ ಜಾಗ ಕಾಫಿ ಕಣದ ಅಂಚು. ಅಲ್ಲಿಯೇ ಮೂರಡಿ ಅಗಲದ ಎರಡು ಏರುಪಾತಿಗಳನ್ನು ಮಾಡಿದರೆ ಸಾಕು. ನಮ್ಮ ಮಣ್ಣು ಮಳೆಗಾಲದ ಹೊಡೆತಕ್ಕೆ ಸುಣ್ಣದ ಅಂಶವನ್ನು ಕಳೆದುಕೊಂಡು ಹುಳಿಯಾಗಿರುತ್ತದೆ. ತೋಟಕ್ಕೆ ತರಿಸಿದ ಕೃಷಿ ಸುಣ್ಣದಲ್ಲಿ ಪ್ರತಿ ಚದರ ಗಜಕ್ಕೆ ಎರಡು ಹಿಡಿಯಷ್ಟನ್ನು ಬಿತ್ತನೆಗೆ ಎರಡು ವಾರ ಮೊದಲೇ ಬೆರೆಸಿಡಬೇಕು. ಕಾಫಿ ಸಿಪ್ಪೆಯನ್ನು ಹಸಿಯಾಗಿ ಹಾಕದೆ, ಹಟ್ಟಿಗೊಬ್ಬರದೊಡನೆ ಗುಂಡಿಯಲ್ಲಿ ಚೆನ್ನಾಗಿ ಕಳಿಸಿ ಹಾಕಿದರೆ ಅದು ಒಳ್ಳೆಯ ಗೊಬ್ಬರ. ನೀರನ್ನು ಬೆಳಗ್ಗೆ ಮಾತ್ರ ಹಾಕಿರಿ. ಸಂಜೆ ಹಾಕಿದರೆ ಇಬ್ಬನಿಯೂ ಸೇರಿ ರಾತ್ರಿಯಿಡೀ ಎಲೆ ಒದ್ದೆಯಾಗಿದ್ದು ರೋಗ ಹಿಡಿಯುತ್ತದೆ. ಸಾಬೂನಿಲ್ಲದ, ಅಕ್ಕಿ ತರಕಾರಿ ತೊಳೆದ ನೀರನ್ನು ಹಿತ್ತಲಿಗೆ ಹರಿಸಿದರೆ ಬೇಸಿಗೆಯಲ್ಲಿಯೂ ಎರಡು ಪಾತಿ ಉಳಿಯುತ್ತವೆ.

ಕ್ರಿಸ್ಮಸ್ ಮುಗಿದೊಡನೆ ಬಿತ್ತಿದರೆ ಮೆಂತ್ಯ, ಹರಿವೆ ಸೊಪ್ಪುಗಳು ಸುಮಾರು ಒಂದು ತಿಂಗಳಲ್ಲಿ, ಕೊತ್ತಂಬರಿ ನಲವತ್ತು ದಿನಗಳಲ್ಲಿ, ಮೂಲಂಗಿ ಐವತ್ತು ದಿನಗಳಲ್ಲಿ, ಬೀನ್ಸ್ ಎರಡು ತಿಂಗಳಲ್ಲಿ ಕೈಗೆ ಬರುತ್ತವೆ. ಟೊಮೆಟೊ, ಬದನೆ, ಮೆಣಸಿನ ಬೀಜಗಳು ಚಳಿಗೆ ಬೇಗ ಮೊಳೆಯುವುದಿಲ್ಲ. ಅವುಗಳ ತಟ್ಟೆಯನ್ನು ಸೌದೆ ಒಲೆಯ ಪಕ್ಕದ ಬೆಚ್ಚನೆಯ ಕಟ್ಟೆಯ ಮೇಲಿಟ್ಟು, ಮೊಳಕೆ ಕಂಡೊಡನೆ ಬೆಳಕಿಗೆ ಸಾಗಿಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಳೆಸಿದ ಅರ್ಕಾ ನಿಶಾಂತ್ ಮೂಲಂಗಿ, ಅರ್ಕಾ ಕೋಮಲ್ ಬೀನ್ಸ್, ಅರ್ಕಾ ಸುಗುಣ ಹರಿವೆ, ಅರ್ಕಾ ಅನಾಮಿಕ ಬೆಂಡೆ ಇವು ಮನೆಗೆ ಒಪ್ಪುವ ತಳಿಗಳು. ಅದೇ ಸಂಸ್ಥೆಯ ಪ್ರಯೋಗ ಕೇಂದ್ರವೊಂದು ನಮ್ಮ ಜಿಲ್ಲೆಯ ಚೆಟ್ಟಳ್ಳಿಯಲ್ಲಿದೆ. ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಸಂಶಯ ಬಂದಾಗ ಅಲ್ಲಿ ವಿಚಾರಿಸಲು ಸಂಕೋಚಪಡಬೇಕಾಗಿಲ್ಲ. ಹೇನು, ಬಿಳಿನೊಣ ಕಂಡರೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆ, ನಾಲ್ಕು ಹನಿ ಸಾಬೂನು ದ್ರಾವಣ ಬೆರೆಸಿ ಸಿಂಪಡಿಸಿದರೆ ಸಾಕಾಗುತ್ತದೆ. ಮಕ್ಕಳು ಹಸಿಯಾಗಿಯೇ ಕಿತ್ತು ಬಾಯಿಗೆ ಹಾಕುವ ಹಿತ್ತಲಿನಲ್ಲಿ ತೋಟಕ್ಕೆ ಹೊಡೆಯುವ ವಿಷದ ಡಬ್ಬಿಯನ್ನು ತರಲೇಬಾರದು.

ಮಂಗಗಳ ವಿಷಯದಲ್ಲಿ ನಮಗೆ ಪೂರ್ಣ ಗೆಲುವು ಸಿಕ್ಕಿಲ್ಲ. ಬಲೆ ಹೊದಿಸುತ್ತೇವೆ. ಅವು ಅಷ್ಟಾಗಿ ಬಯಸದ ಮೆಂತ್ಯ, ಪುದೀನ, ಹಸಿಮೆಣಸುಗಳನ್ನು ಹೊರಸುತ್ತಿಗೂ, ಬೀನ್ಸನ್ನು ಮನೆಯ ಗೋಡೆಗೆ ಹತ್ತಿರವೂ ಹಾಕುತ್ತೇವೆ. ಆದರೂ ಒಂದು ಪಾಲು ಅವುಗಳಿಗೆ ಹೋಗುತ್ತದೆ. ಫ್ರಾನ್ಸಿಸರು ಬಿಡಲು ಹೇಳಿದ ಪಾಲು ಅದೇ ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಬಾಳೆ, ಹಲಸುಗಳಂಥ ಆನೆಗೆ ಪ್ರಿಯವಾದ ಗಿಡಗಳನ್ನು ಮನೆಯ ಬಾಗಿಲ ಬಳಿ ನೆಡದಿರುವುದು ಮಾತ್ರ ನಮ್ಮೂರಿನಲ್ಲಿ ಪ್ರಾಣದ ಪ್ರಶ್ನೆ.

ಹಿರಿಯರು ನಡೆದ ದಾರಿ

ಮಣ್ಣಿನ ಕೆಲಸ ನಮ್ಮ ವಿಶ್ವಾಸದ ಚರಿತ್ರೆಗೆ ಹೊರಗಿನದಲ್ಲ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಪಾರಾಗಿ ಬಂದ ಕಥೋಲಿಕರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರರು ಆಶ್ರಯವಿತ್ತರು. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯದ ಮೂಲ 1792ರ ಆ ನೆಲೆಯಲ್ಲಿದೆ. ಸೆರೆಯಿಂದ ಬರಿಗೈಯಲ್ಲಿ ಬಂದವರು ಈ ನೆಲವನ್ನು ನಂಬಿಯೇ ಮತ್ತೆ ಮನೆ ಕಟ್ಟಿಕೊಂಡರು. 1799ರ ಅನಂತರ ಮೈಸೂರು ಸೀಮೆಗೆ ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರನ್ನು ಜನರು ದೊಡ್ಡಸ್ವಾಮಿಯವರೆಂದು ಕರೆಯುತ್ತಿದ್ದರು. ಅವರು 1823ರಲ್ಲಿ ಸ್ವದೇಶಕ್ಕೆ ಮರಳುವವರೆಗೆ ನಮ್ಮವರ ಉಡುಗೆಯನ್ನೇ ಉಟ್ಟು, ಮಾಂಸವನ್ನು ತ್ಯಜಿಸಿ ಬಾಳಿದರು. ಚದುರಿಹೋಗಿದ್ದ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಗಳನ್ನು ಕಟ್ಟಿದರು. ಸಿಡುಬಿಗೆ ಲಸಿಕೆ ಹಾಕಿಸಿದವರೂ ಅವರೇ.

ಸೆಪ್ಟೆಂಬರ್ 8ರ ಮರಿಯಮ್ಮನವರ ಜನನದ ಹಬ್ಬವನ್ನೇ ನೋಡೋಣ. ಒಂಬತ್ತು ದಿನ ಮಕ್ಕಳು ಹೂವು ಅರ್ಪಿಸಿದ ಮೇಲೆ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತರುತ್ತೇವೆ. ಕೊಂಕಣಿ ಕಥೋಲಿಕರ ಮನೆಗಳಲ್ಲಿ ಅಂದು ಮೀನು ಮಾಂಸವಿಲ್ಲ. ಮೂರು, ಐದು, ಏಳು ಹೀಗೆ ಬೆಸಸಂಖ್ಯೆಯ ತರಕಾರಿ ಪದಾರ್ಥಗಳನ್ನು ಮಾಡಿ ಮನೆಮಂದಿಯೆಲ್ಲ ಕೂಡಿ ಉಣ್ಣುವುದೇ ಹಬ್ಬ. ಆ ಐದು ತರಕಾರಿಗಳಲ್ಲಿ ಎರಡಾದರೂ ಹಿತ್ತಲಿನವಾಗಿದ್ದರೆ ಆಶೀರ್ವಾದದ ಅರ್ಥ ಎಷ್ಟು ತುಂಬಿಬರುತ್ತದೆ! ನಾವು ಹಬ್ಬಗಳನ್ನೇ ಕೈತೋಟದ ಪಂಚಾಂಗ ಮಾಡಿಕೊಂಡಿದ್ದೇವೆ. ಸಂತ ಲೂಸಿಯ ದಿನ ಗೋದಲಿಯ ಬಿತ್ತನೆ. ಫೆಬ್ರವರಿ 2ರ ದೀಪಗಳ ಹಬ್ಬದ ಹೊತ್ತಿಗೆ ಸೊಪ್ಪಿನ ಕೊಯ್ಲು. ಮೇ 15ರಂದು ರೈತರ ಪಾಲಕರಾದ ಸಂತ ಇಸಿದೋರರ ದಿನ, ಮಳೆಗೆ ಮುಂಚೆ, ಕೆಸು ಮತ್ತು ಅರಿಶಿನದ ಗೆಡ್ಡೆ ಊರುವುದು. ಸೆಪ್ಟೆಂಬರ್ 8ಕ್ಕೆ ಕೆಸುವಿನೆಲೆ, ಹೀರೆ, ಬೆಂಡೆ.

ಹಂಚಿದಾಗಲೇ ತುಂಬುವ ಬುಟ್ಟಿ

2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ಕೇರಳದ ಗಡಿ ಮುಚ್ಚಿದಾಗ ಕುಟ್ಟದ ಬೀದಿ ಹೇಗೆ ಸ್ತಬ್ಧವಾಯಿತೆಂಬುದು ಎಲ್ಲರಿಗೂ ನೆನಪಿರಬಹುದು. ಲಾರಿಯಲ್ಲಿ ಬರುವ ಟೊಮೆಟೊ ಈರುಳ್ಳಿಯನ್ನೇ ನಂಬಿದ್ದ ನಾವು, ಬಚ್ಚಲ ಹಿಂದೆ ಹಬ್ಬಿದ ಬಸಳೆಯ ಬೆಲೆಯನ್ನು ಅಂದು ತಿಳಿದೆವು. ಪ್ರತಿಯೊಬ್ಬರೂ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಮಂದಿಯ ಮನೆಗೆ ಅದು ಎರಡು ಕಿಲೋ. ಎರಡು ಪಾತಿಗಳಿಂದ ಅಷ್ಟೂ ಸಿಗುವುದೆಂದು ನಾವು ಹೇಳುವುದಿಲ್ಲ. ಸೊಪ್ಪು, ಹಸಿಮೆಣಸು, ಕೊತ್ತಂಬರಿಗಳನ್ನು ಕೊಳ್ಳುವುದು ತಪ್ಪಿದರೂ ಬಡ ಸಂಸಾರಕ್ಕೆ ಅದು ದೊಡ್ಡದು.

ಬಡ ಸಂಸಾರವೆಂದಾಗ ತೋಟದ ಲೈನ್‌ಮನೆಗಳು ಕಣ್ಣಮುಂದೆ ಬರುತ್ತವೆ. ನಮ್ಮ ಕಾಫಿಯನ್ನು ಕೊಯ್ಯುವ ಕೈಗಳಿಗೆ ಸ್ವಂತದ ಒಂದು ಅಂಗಳವಿರುವುದಿಲ್ಲ. ಹಳೆಯ ಗೋಣಿಚೀಲಕ್ಕೆ ಮಣ್ಣು ಗೊಬ್ಬರ ತುಂಬಿ ಮೆಟ್ಟಿಲ ಬದಿಗೆ ಇಟ್ಟರೆ ಅದರಲ್ಲಿ ಬದನೆ, ಮೆಣಸು, ಬಸಳೆ ಧಾರಾಳವಾಗಿ ಬೆಳೆಯುತ್ತವೆ. ತೋಟದ ಮಾಲೀಕರಾದ ನಮ್ಮ ಕುಟುಂಬಗಳು ಆ ಮನೆಗಳಿಗೆ ನಾಲ್ಕು ಚೀಲ ಗೊಬ್ಬರವನ್ನೂ ಒಂದು ಪೊಟ್ಟಣ ಬೀಜವನ್ನೂ ಕೊಟ್ಟರೆ, ಕ್ರಿಸ್ಮಸ್ಸಿಗೆ ಹಂಚುವ ಕೇಕಿಗಿಂತ ಅದು ಹೆಚ್ಚು ಕಾಲ ಉಳಿಯುತ್ತದೆ. ಅವರಿಂದ ನಾವು ಪಡೆಯಬೇಕಾದದ್ದೂ ಇದೆ. ಯಾವ ಕಾಡುಸೊಪ್ಪು ತಿನ್ನಲು ಯೋಗ್ಯ, ಯಾವುದು ಅಲ್ಲವೆಂಬುದನ್ನು ಅಲ್ಲಿನ ಹಿರಿಯ ಹೆಂಗಸರು ಬಲ್ಲರು. ಊಟಕ್ಕೆ ಮೊದಲು ಮತ್ತು ಅನಂತರ ಒಂದು ಗಳಿಗೆ ನಿಂತು ದೇವರಿಗೆ ವಂದಿಸುವ ರೂಢಿಯನ್ನು ಮತ್ತೆ ತರಬೇಕೆಂದು 'ಲೌದಾತೊ ಸಿ' ಕೋರುತ್ತದೆ. ಆಹಾರವನ್ನು ದುಡಿದು ಒದಗಿಸಿದವರನ್ನೂ ಅಲ್ಲಿ ನೆನೆಯಬೇಕೆನ್ನುತ್ತದೆ. ಸ್ವತಃ ಒಂದು ಮೂಲಂಗಿ ಬೆಳೆಯಲು ಪಟ್ಟ ಪಾಡನ್ನು ಅರಿತ ಮಗುವಿಗೆ ಈ ಪ್ರಾರ್ಥನೆಯನ್ನು ಒತ್ತಾಯಿಸಿ ಕಲಿಸಬೇಕಾಗುವುದಿಲ್ಲ.

ಜನವರಿಯಲ್ಲಿ ರಜೆ ಮುಗಿಯುತ್ತದೆ. ಹಾಸ್ಟೆಲಿನ ಮಕ್ಕಳು ಬಸ್ಸು ಹತ್ತುತ್ತಾರೆ. ಮೊದಲೆಲ್ಲ ಅವರು ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು, ಫೋನು ಮಾಡಿದರೆ "ಊಟ ಆಯ್ತಾ?" "ಆಯ್ತು" ಎಂಬ ಎರಡು ಮಾತಿಗೆ ಸಂಭಾಷಣೆ ಮುಗಿಯುತ್ತಿತ್ತು. ಈಗ ಅವರೇ ಫೋನು ಮಾಡಿ, "ಅಜ್ಜೀ, ಮೂಲಂಗಿ ಎಷ್ಟು ದಪ್ಪ ಆಯಿತು?" ಎಂದು ಕೇಳುತ್ತಾರೆ. ಅಜ್ಜಿ ಪಾತಿಯ ಬಳಿಗೇ ನಡೆದುಹೋಗಿ, ಮಣ್ಣನ್ನು ಬೆರಳಿನಿಂದ ಸರಿಸಿ ನೋಡಿ, ಸಾವಕಾಶವಾಗಿ ಉತ್ತರ ಹೇಳುತ್ತಾರೆ. ಅದೇ ಮೊಬೈಲು, ಆದರೆ ಅದರಲ್ಲೀಗ ಅಜ್ಜಿಗೂ ಪಾಲು ಸಿಕ್ಕಿದೆ.

ಸಂತ ಮಾರ್ಕರ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಒಂದು ಸಾಮತಿಯಿದೆ. ಬಿತ್ತಿದವನು ರಾತ್ರಿ ಮಲಗಿ ಹಗಲು ಏಳುತ್ತಿರುವಾಗ ಬೀಜವು ಅವನಿಗೆ ತಿಳಿಯದಂತೆ ತಾನಾಗಿ ಮೊಳೆತು ಬೆಳೆಯುತ್ತದೆ. ಕುಟುಂಬದ ಪ್ರೀತಿಯೂ ಹಾಗೆಯೇ ಎಂದು ನಮಗೆ ತೋರುತ್ತದೆ. ಬಿತ್ತುವುದಷ್ಟೇ ನಮ್ಮ ಪಾಲಿನ ಕೆಲಸ. ಈ ಆಗಮನ ಕಾಲದಲ್ಲಿ ಬಾಗಿಲಿಗೆ ಅಗುಳಿ ಹಾಕಿದ ಮೇಲೆ ಪ್ರತಿ ಮನೆಯಲ್ಲಿಯೂ ಒಂದು ಗೆರಟೆ, ಒಂದು ಹಿಡಿ ಮಣ್ಣು, ಒಂದು ಚಿಟಿಕೆ ಸಾಸಿವೆ ಮೇಜಿನ ಮೇಲೆ ಬರಲಿ. ಅದರ ಸುತ್ತ ಮನೆಮಂದಿಯೆಲ್ಲ ಕೂಡಲಿ. ಬಿತ್ತಿ ಕೈ ತೊಳೆದ ಮೇಲೆ, ಅಜ್ಜಿ ಕಾದಿರುವ ಆ ಜಪಸರವನ್ನು ಎಲ್ಲರೂ ಜೊತೆಯಾಗಿ ಪ್ರಾರಂಭಿಸೋಣ.